ಹಸಿ ತೊಗಲಿನ ಹಿಡಿತ

ಪೂಜ್ಯ ಹುಲಿಗೆಪ್ಪ ತಾತನವರಿಗೆ ಮಠವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ನಮ್ಮೂರು ಕಲ್ಲಗುಡಿಯ ಆಚೆ ಒಂದು ಬೇವಿನ ಮರ, ಅದರ ಬುಡದಲ್ಲಿ ತೊಗಲು ನೆನೆಹಾಕುವ ಕಲ್ಲಿನ ಬಾನಿ, ಅದನ್ನು ಹದಮಾಡುವ ತಂಗಡಿ ಚಕ್ಕೆಯ ಒಗರು ವಾಸನೆ. ಆ ಮಹಾತ್ಮರ ಸನ್ನಿಧಾನ ಅಷ್ಟೇ. ಕಾಲಿನ ಕೆರ ಹೊಲಿಯುತ್ತಲೇ ಅವರ ಜಪ ನಡೆಯುತ್ತಿತ್ತು. ಕಾಲಿಗೆ ಬೀಳಲು ಬಂದವರಿಗೆ, "ಮೊದಲ ನಿಮ್ಮ ಕೆರ ತೋರಸ್ರಿ, ಹರದಾವೇನು?" ಎಂದು ಕೇಳುತ್ತಿದ್ದರು. ದಿನಾ ಅವರಿಗೆ ಅಂಬಲಿ ಒಯ್ಯುವುದು ನನ್ನ ಪಾಲಿಗೆ ಬಂದ ಸೇವೆ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್ ನಾನು, ಪಾಂಡಿತ್ಯ ಗೀಂಡಿತ್ಯ ಇಲ್ಲ. ಕಂಡದ್ದನ್ನು ಹೇಳುತ್ತೇನೆ. ಒಂದಕ್ಕೆ ಎರಡು ಕೂಡಿಸಿದರೆ ನನ್ನ ನಾಲಗೆ ಬಿದ್ದುಹೋಗಲಿ.

ಆ ಬೇಸಿಗೆಯಲ್ಲಿ ಊರಿನ ಅಮರೇಗೌಡರು ತಾತನವರಲ್ಲಿಗೆ ಬಂದರು. ತಲೆತಲಾಂತರದಿಂದ ಕೆರ ಹೊಲಿಯುವವರ ಈ ಕೇರಿಯ ಕಡೆ ಮುಖ ಹಾಕದ ಮನೆತನ ಅವರದು. "ಹೊತ್ತ ಹೋಗವಲ್ದು ತಾತಾ. ಒಂದು ಹವ್ಯಾಸ ಇರ್ಲಿ ಅಂತ. ತೊಗಲಿನ ಕೆಲಸ ಕಲಸ್ರಿ" ಅಂದರು. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ನಾನೂ ಇಟ್ಟೆ, ಸುಳ್ಳೇಕೆ ಹೇಳಲಿ? ತಾತನವರು ಮಾತ್ರ ಅವರ ಮುಖವನ್ನು ಒಂದು ಗಳಿಗೆ ನೋಡಿ, "ಕುಂದ್ರಿ" ಎಂದರು.

ಗೌಡರು ಮೂರು ವಾರ ಕಲಿತರು. ಆರಿಯಿಂದ ತೂತು ಹಾಕುವುದು, ನೂಲಿಗೆ ಮೇಣ ತಿಕ್ಕುವುದು, ಎರಡು ಸೂಜಿಯಿಂದ ಎದುರುಬದುರು ಹೊಲಿಯುವುದು. ಬೆರಳಿಗೆಲ್ಲ ಗಾಯ. ಆದರೆ ಮನುಷ್ಯ ಯಾವಾಗಲೂ ಮರಕ್ಕೆ ಬೆನ್ನು ಕೊಟ್ಟು, ದಾರಿಯ ಕಡೆ ಮುಖ ಮಾಡಿಯೇ ಕೂರುತ್ತಿದ್ದರು. ಯಾವುದಾದರೂ ಬೈಕಿನ ಸದ್ದಾದರೆ ಕೈಯಲ್ಲಿನ ಆರಿ ನೆಲಕ್ಕೆ ಬೀಳುತ್ತಿತ್ತು. ಎಂಥೆಂಥ ಪ್ರಯಾಣಿಕರನ್ನು ಕಂಡವನು ನಾನು. ಇದು ಹೊತ್ತು ಹೋಗದವನ ಲಕ್ಷಣವಲ್ಲ ಎಂದು ಅಂದೇ ಅಂದುಕೊಂಡೆ.

ಒಂದು ಮುಂಜಾನೆ ಅವರು ಅಂಗಿಯೊಳಗಿಂದ ರಿವಾಲ್ವರ್ ಹೊರತೆಗೆದರು. ನಾನು ಅಂಬಲಿ ತಂಬಿಗೆ ನೆಲಕ್ಕಿಟ್ಟು ಮರದ ಹಿಂದೆ ಸರಿದೆ.

"ಇದಕ್ಕೊಂದು ಚೀಲ ಬೇಕು ತಾತಾ. ಪ್ಯಾಟ್ಯಾಗ ಹೋಲ್‌ಸ್ಟರ್ ಅಂತಾರಲ್ಲ, ಸೊಂಟಕ್ಕ ಕಟ್ಟೋದು. ಅಂಗಡ್ಯಾಗ ತಗೊಂಡ್ರ ಗೌಡ ಹೆದರ್ಯಾನ ಅಂತ ಊರು ಆಡ್ಕೊಳ್ತೈತಿ. ಅದಕ್ಕ ನಾನ ಮಾಡ್ಕೊಳ್ಳಾಕ ಕಲತೀನಿ."

ಆಮೇಲೆ ಒಂದೊಂದೇ ಮಾತಾಗಿ ವಿಷಯ ಹೊರಬಿತ್ತು. ಒಂಬತ್ತು ವರ್ಷದ ಹಿಂದೆ ಕಾಲುವೆಯ ದಂಡೆಯ ಮೇಲೆ ಮುಸ್ಸಂಜೆ ಹೊತ್ತು ಹೊಡೆದಾಟವಾಗಿ ಒಬ್ಬನ ಜೀವ ಹೋಗಿತ್ತು. ಹೊಡೆದು ಓಡಿಹೋದವನು ಯಂಕೋಬನೇ ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು ಈ ಗೌಡರು. ಈಗ ಯಂಕೋಬನ ಶಿಕ್ಷೆ ಮುಗಿಯುತ್ತ ಬಂದಿತ್ತು. ಯಾವ ದಿನವಾದರೂ ಬಿಡುಗಡೆ ಎಂದು ಗೌಡರಿಗೆ ತಿಂಗಳಿಂದ ಸುದ್ದಿಯಿತ್ತು. "ಅವ ನನ್ನ ಬಿಡಂಗಿಲ್ಲ ತಾತಾ" ಎಂದರು.

ತಾತನವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೆಲಸದ ಮಾತನ್ನಷ್ಟೇ ದಯಪಾಲಿಸಿದರು: "ಗುಂಡು ತಗದಿಡ್ರಿ. ಕಟಗೀಲೆ ಅದರಂಥದ ಒಂದು ಅಚ್ಚು ಮಾಡ್ರಿ, ಅದರ ಮ್ಯಾಲ ತೊಗಲು ಕೂಡಸ್ರಿ. ಹಸಿ ತೊಗಲು ಏನ ತಬ್ಬಿರ್ತದೋ, ಒಣಗಿದ ಮ್ಯಾಲ ಅದನ್ನ ಬಿಡಂಗಿಲ್ಲ."

ಗೌಡರು ಹೂಂ ಅಂದರು. ಭಯ ಹೊಕ್ಕವನ ಕಿವಿಗೆ ಗುರುವಾಕ್ಯ ಎಲ್ಲಿ ಇಳಿಯುತ್ತದೆ? ಅಚ್ಚು ಮಾಡುವ ಎರಡು ದಿನ ಆಯುಧ ಬಿಟ್ಟಿರುವುದು ಅವರಿಂದಾಗಲಿಲ್ಲ. ಬಾನಿಯಲ್ಲಿ ನೆನೆದ ತೊಗಲನ್ನು ಗುಂಡು ತುಂಬಿದ ರಿವಾಲ್ವರಿಗೇ ಸುತ್ತಿ, ಒತ್ತಿ, ಹೊಲಿದು, ಹಸಿಯಾಗಿದ್ದಂತೆಯೇ ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಹೋದರು. ಎರಡು ದಿನ ಬಿಚ್ಚಲೇ ಇಲ್ಲವಂತೆ. ನಮ್ಮ ರಾಯಚೂರು ಸೀಮೆಯ ಬಿಸಿಲು ಕೇಳಬೇಕೇ, ತೊಗಲು ಸೊಂಟದ ಮೇಲೆಯೇ ಒಣಗಿ ಕಟ್ಟಿಗೆಯಾಯಿತು.

ಮೂರನೆಯ ದಿನ ಗೌಡರು ಮರದ ಕೆಳಗೆ ಕೂತಿದ್ದರು. ದಾರಿಯಲ್ಲಿ ಒಬ್ಬ ಬರಿಗಾಲಿನ ಮನುಷ್ಯ ಬಂದ. ಬಡಕಲು ದೇಹ, ನರೆತ ಗಡ್ಡ, ಎಡಗೈಯಲ್ಲಿ ಟವೆಲಿನ ಗಂಟು, ಬಲಗೈ ಆ ಗಂಟಿನೊಳಗೆ.

"ಯಂಕೋಬ" ಅಂದರು ಗೌಡರು.

ಅಯ್ಯಪ್ಪಾ, ಆ ಹೊತ್ತನ್ನು ಇಂದಿಗೂ ಮರೆತಿಲ್ಲ. ಟವೆಲಿನಲ್ಲಿ ಕುಡುಗೋಲೇ ಇದೆ ಎಂದು ನಾನೂ ನಂಬಿಬಿಟ್ಟೆ. ಅವನು ಹತ್ತಿರ ಹತ್ತಿರ ಬಂದ. ಗೌಡರು ಹಿಡಿಕೆಗೆ ಕೈ ಹಾಕಿ ಎಳೆದರು. ರಿವಾಲ್ವರ್ ಬರಲಿಲ್ಲ. ಇನ್ನೊಮ್ಮೆ ಎಳೆದರು, ತಿರುವಿದರು. ಊಹೂಂ! ಒಣಗಿದ ತೊಗಲು ಕಚ್ಚಿ ಹಿಡಿದಿತ್ತು. ತುಂಬಿದ ಗುಂಡು, ನಳಿಗೆಯ ಬಾಯಿ ಅವರ ತೊಡೆಯ ಕಡೆಗೇ, ಬೆರಳು ಗುಂಡು ಹಾರಿಸುವ ಕುದುರೆಗಾಗಿ ತೊಗಲನ್ನು ಕೆರೆಯುತ್ತಿತ್ತು.

ತಾತನವರು ಎದ್ದುಬಂದು ಆ ಕೈಯ ಮೇಲೆ ತಮ್ಮ ಕೈ ಇಟ್ಟರು. "ಗೌಡ್ರ, ಕೈ ಸಡ್ಲ ಬಿಡ್ರಿ" ಎಂದರು. ಅಷ್ಟೇ. ಬೆರಳುಗಳು ಸಡಿಲವಾದವು.

ಯಂಕೋಬ ಟವೆಲು ಬಿಚ್ಚಿದ. ಒಂದು ಜೋಡಿ ಕೆರ. ಒಣಗಿ ಸೊಟ್ಟಗಾಗಿದ್ದವು, ಪಟ್ಟಿ ಹರಿದಿತ್ತು. "ಜೈಲಿನಾಗ ಒಳಗ ಹೋಗೂಮುಂದ ಇಸ್ಗೊಂಡಿದ್ರು ತಾತಾ, ಬಿಡೂಮುಂದ ಕೊಟ್ರು. ನೀವಾ ಹೊಲದದ್ದು. ಮತ್ತ ನಡ್ಯಾಕ ಆಗೂ ಹಂಗ ಮಾಡಿಕೊಡ್ರಿ" ಅಂದ. ಆಮೇಲೆ ಗೌಡರತ್ತ ತಿರುಗಿದ. "ಒಂದು ಮಾತು ಕೇಳ್ಬೇಕು ಅಂತ ಒಂಬತ್ತು ವರ್ಷದಿಂದ ಕಾದೀನ್ರಿ. ಆ ಸಂಜಿ ನೀವು ನನ್ನ ಮಾರಿ ಕಂಡಿದ್ರೇನು?"

ತಾತನವರು ನೆಲಕ್ಕೆ ಕೂತು, ಗೌಡರ ಸೊಂಟದ ಚೀಲದ ಹೊಲಿಗೆಯನ್ನು ರಂಪಿಗೆಯಿಂದ ಒಂದೊಂದಾಗಿ ಕೊಯ್ಯತೊಡಗಿದರು. ತಲೆ ಎತ್ತದೆಯೇ ಹೇಳಿದರು: "ತೊಗಲು ತನ್ನ ಕೆಲಸ ಮಾಡೈತಿ. ಅವ ಕೇಳ್ಯಾನ, ಹೇಳ್ರಿ."

ಹೊಲಿಗೆಯೆಲ್ಲ ಬಿಚ್ಚಿ ರಿವಾಲ್ವರ್ ತಾತನವರ ಕೈಗೆ ಬಂತು. ಕಡೆಗೆ ಗೌಡರು ಅಂದರು: "ಇಲ್ಲ. ಬೆನ್ನು ಕಂಡಿದ್ದೆ, ಅಷ್ಟ. ಕತ್ತಲಾಗಿತ್ತು. ಎಲ್ಲಾರೂ ನೀನಾ ಅಂದ್ರು, ನಾನೂ ಅಂದೆ." ಹೇಳಿದವರೇ ಮಗುವಿನಂತೆ ಅತ್ತುಬಿಟ್ಟರು. ಯಂಕೋಬ ಅವರ ಎದುರಿಗೆ ಕೂತ. ಕ್ಷಮಿಸಿದೆ ಎಂದು ಅವನೇನೂ ಹೇಳಲಿಲ್ಲ. "ಇದನ್ನ ಕೋರ್ಟಿನಾಗ ಹೇಳ್ತೀರೇನ್ರಿ?" ಎಂದ.

ಗೌಡರು ಹೇಳಿದರು. ಮರುವಾರವೇ ವಕೀಲರ ಬಳಿ ಹೋಗಿ ಬರೆದುಕೊಟ್ಟರು. ಅದರಿಂದ ಅವರ ಮೇಲೆ ಸುಳ್ಳು ಸಾಕ್ಷಿಯ ಕೇಸು ಬಿತ್ತು, ಬಂಧುಗಳು ಮುಖ ತಿರುಗಿಸಿದರು, ಮನೆತನದ ಮಾನ ಹರಾಜಾಯಿತು ಎಂದು ಊರು ಆಡಿಕೊಂಡಿತು. ರಿವಾಲ್ವರನ್ನು ಸರ್ಕಾರಕ್ಕೆ ಒಪ್ಪಿಸಿದರು. ಕೊಯ್ದ ಚೀಲದ ತೊಗಲನ್ನು ತಾತನವರು ಪುನಃ ಬಾನಿಗೆ ಹಾಕಿ ಮೆತ್ತಗೆ ಮಾಡಿ, ಯಂಕೋಬನ ಕೆರಕ್ಕೆ ಪಟ್ಟಿಯಾಗಿಸಿದರು. ಆ ಪಟ್ಟಿಯನ್ನು ಹೊಲಿದದ್ದು ಗೌಡರು. ಹೊಲಿಗೆ ಅಷ್ಟೇನೂ ನೆಟ್ಟಗಿರಲಿಲ್ಲ ಬಿಡಿ.

ಈ ಪಾಪಿಯ ಕಣ್ಣಿಗೆ ಬಿದ್ದ ಇನ್ನೊಂದು ನೋಟವಿದೆ. ಕೇಸಿನ ತಾರೀಖಿಗೆ ಹೋಗಿಬಂದ ಮರುದಿನ ಗೌಡರು ಎಂದಿನಂತೆ ಕೆಲಸಕ್ಕೆ ಬಂದರು. ಆದರೆ ಅಂದು ತಾತನವರಿಗೆ ಮುಖ ಮಾಡಿ, ದಾರಿಗೆ ಬೆನ್ನು ಕೊಟ್ಟು ಕೂತರು. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ನಾನು ಥಟ್ಟನೆ ತಲೆ ಎತ್ತಿದೆ, ಹೆದರಿದ ಜೀವ ನನ್ನದು. ಗೌಡರು ತಿರುಗಿ ನೋಡಲಿಲ್ಲ. ನೂಲಿಗೆ ಮೇಣ ತಿಕ್ಕುತ್ತಲೇ, "ಯಾರರೆ ಆಗ್ರಿ, ಬರ್ರಿ, ಕುಂದ್ರಿ" ಎಂದರು.