ಹೊಸ್ತಿಲು ದಾಟುವ ಕಾಲು

“ಅಜ್ಜಾರ, ಕೂಸಿನ ಕಾಲಿಗೆ ಮೊದಲನೇ ಜೋಡು ಯಾವಾಗ ಹಾಕಬೇಕ್ರಿ?”

ಕೇಳಿದವನು ಮುರಿಗೆಪ್ಪ. ಮಠದ ಅಜ್ಜನವರ ಶಿಷ್ಯರಲ್ಲಿ ಹೆಂಡತಿ ಮಕ್ಕಳಿದ್ದವನು ಅವನೊಬ್ಬನೇ. ಒಂದು ಹರದಾರಿ ದೂರದ ಊರಿನಿಂದ ದಿನವೂ ನಸುಕಿನಲ್ಲಿ ನಡೆದು ಬರುತ್ತಿದ್ದ. ಅಜ್ಜನವರ ಕಾಲು ತೊಳೆದು, ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿ, ಮರದ ಹಾವುಗೆಗಳನ್ನು ಎದುರಿಗೆ ಜೋಡಿಸಿ ಇಡುತ್ತಿದ್ದ. ಎಡಗಾಲಿನದನ್ನು ಅರ್ಧ ಗೇಣು ಮುಂದೆ ಇಡುತ್ತಿದ್ದ. ಅಜ್ಜನವರ ಬಲ ಮಂಡಿ ಸೋತಿತ್ತು. ಏಳುವಾಗ ಅವರು ಎಡಗಾಲನ್ನೇ ಮೊದಲು ಊರುತ್ತಿದ್ದರು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ಕಲಿತಿದ್ದ.

ಅಜ್ಜನವರು ಗೋಡೆಗೆ ಒರಗಿದರು. ಅವರಿಗೆ ದಣಿವಾಗಿತ್ತು. ಆ ಬೆಳಿಗ್ಗೆಯೇ ಒಬ್ಬ ಬಾವಿ ಎಲ್ಲಿ ತೋಡಲಿ ಎಂದು ಕೇಳಿ ಹೋಗಿದ್ದ. ಇನ್ನೊಬ್ಬ ಎಮ್ಮೆ ಯಾವಾಗ ಈಯುತ್ತದೆ ಎಂದು ಕೇಳಿ ಹೋಗಿದ್ದ. ಮೋಕ್ಷದ ದಾರಿ ಕೇಳುವವರು ಈ ಮಠಕ್ಕೆ ಬಂದು ಎಷ್ಟು ಕಾಲವಾಯಿತೋ, ಅಜ್ಜನವರಿಗೂ ನೆನಪಿರಲಿಲ್ಲ.

ಮುರಿಗೆಪ್ಪ ಹೆಗಲ ವಸ್ತ್ರದ ಗಂಟು ಬಿಚ್ಚಿದ. ಒಳಗೆ ಅಂಗೈಯಗಲದ ಎರಡು ಹೊಸ ಜೋಡುಗಳಿದ್ದವು.

“ಮಗಳಿಗೆ ವರ್ಸ ತುಂಬಿ ತಿಂಗಳಾತ್ರಿ. ಗ್ವಾಡಿ ಹಿಡದು ನಡೀತಾಳಂತ. ನಮ್ಮವ್ವ ಈಗ ಹಾಕು ಅಂತಾಳ, ನಮ್ಮ ಅತ್ತಿ ಎರಡ ವರ್ಸ ಆಗಲಿ ಅಂತಾಳ. ನನ್ನ ಹೇಣ್ತಿ ಏನೂ ಅನ್ನೂದಿಲ್ಲ. ನೀವು ಮುಟ್ಟಿ ಕೊಟ್ರ ಇವತ್ತ ಹಾಕ್ತೀನ್ರಿ.”

ಅಜ್ಜನವರು ಜೋಡುಗಳನ್ನು ಮುಟ್ಟಲಿಲ್ಲ. “ಕುಂದರು,” ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮದುವೆಯಾದ ಹದಿನಾರು ವರ್ಷಕ್ಕೆ ಅವನಿಗೆ ಒಂದು ಗಂಡು ಕೂಸಾಯಿತು. ಹನ್ನೊಂದನೆಯ ತಿಂಗಳಿಗೆ ಕೂಸು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಿತು. ಆಗ ವ್ಯಾಪಾರಿ ಅಂಗಡಿಯಲ್ಲಿದ್ದ. ಸುದ್ದಿ ಕೇಳಿ ಸಂತೋಷದಿಂದ ಎದ್ದು ಓಡಿದ. ಆದರೆ ಓಡಿದ್ದು ಮನೆಗಲ್ಲ, ಪೇಟೆಗೆ. ಮಗನಿಗೆ ಜೋಡು ಹೊಲಿಸಬೇಕಲ್ಲ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜನ ಇರುತ್ತಾರೆ. ಇವನು ಅವರ ಪೈಕಿ.

ಪೇಟೆಯ ಜೋಡಿನವನು ಅಳತೆ ಕೇಳಿದ. ವ್ಯಾಪಾರಿ ಗಾಳಿಯಲ್ಲಿ ಕೈಯಗಲಿಸಿ ತೋರಿಸಿದ. ಅಷ್ಟಕ್ಕೇ ಬಿಡದೆ, ಬೆಳೆಯುವ ಕಾಲು, ಎರಡು ಬೆರಳು ದೊಡ್ಡದೇ ಇರಲಿ ಎಂದ. ವ್ಯಾಪಾರದ ಬುದ್ಧಿ ಎಲ್ಲಿಗೆ ಹೋದೀತು? ಜೋಡಿನವನು ಕೆಂಪು ತೊಗಲಿನಲ್ಲಿ ಹೊಲಿದುಕೊಟ್ಟ. ಸಡಿಲವಾಗಬಾರದೆಂದು ಮುಂಬದಿಗೆ ಹಳೆಯ ಬಟ್ಟೆಯನ್ನು ಉಂಡೆ ಮಾಡಿ ತುರುಕಿದ. ಕಾಲು ಬೆಳೆದ ಮೇಲೆ ಇದನ್ನು ತೆಗೆಯಿರಿ ಎಂದು ಹೇಳಿ ಕಳಿಸಿದ. ವ್ಯಾಪಾರಿ ಹೂಂ ಎಂದ. ಮನೆ ಮುಟ್ಟುವಷ್ಟರಲ್ಲಿ ಮರೆತ.

ಕೂಸು ಆ ಜೋಡು ಹಾಕಿಕೊಂಡು ಎದ್ದಿತು. ಎರಡು ಹೆಜ್ಜೆ ಇಟ್ಟಿತು. ಮೂರನೆಯದಕ್ಕೆ ಮುಗ್ಗರಿಸಿ ಹೊಸ್ತಿಲ ಮೇಲೆ ಬಿತ್ತು. ತುಟಿ ಒಡೆಯಿತು. ಅಂದು ಕುಳಿತ ಕೂಸು ಮತ್ತೆ ಎದ್ದು ನಿಲ್ಲಲಿಲ್ಲ.

ಒಂದು ತಿಂಗಳಾಯಿತು, ಎರಡಾಯಿತು. ವ್ಯಾಪಾರಿಗೆ ಭಯ ಹತ್ತಿತು. ಜೋಯಿಸರನ್ನು ಕೇಳಿದ, ಶನಿ ಕಾಲಿಗೆ ಬಂದಿದ್ದಾನೆ, ಎರಡು ವರ್ಷ ತುಂಬಲಿ ಎಂದರು. ವೈದ್ಯನನ್ನು ಕೇಳಿದ, ನರ ಸೋತಿದೆ, ದಿನಕ್ಕೆರಡು ಸಲ ಎಣ್ಣೆ ತಿಕ್ಕಿರಿ ಎಂದ. ಓಣಿಯ ಮುದುಕಿಯನ್ನು ಕೇಳಿದ. ದೃಷ್ಟಿಯಾಗಿದೆ, ಕರಿದಾರ ಕಟ್ಟಿ ಎಂದಳು. ಜೋಡು ಬಿಚ್ಚಬೇಡಿ, ರೂಢಿಯಾದರೆ ತಾನೇ ನಡೆಯುತ್ತದೆ ಎಂದು ದಾರಿಹೋಕನೊಬ್ಬ ಹೇಳಿದ. ವ್ಯಾಪಾರಿ ಯಾರ ಮಾತನ್ನೂ ಬಿಡಲಿಲ್ಲ. ಕೂಸಿನ ಕಾಲಿಗೆ ಎಣ್ಣೆ, ಎಣ್ಣೆಯ ಮೇಲೆ ಜೋಡು, ಜೋಡಿನ ಮೇಲೆ ಕರಿದಾರ.

ದಿನವೂ ಆ ಜೋಡು ಬಿಚ್ಚಿ ಕೂಸಿಗೆ ಎರೆಯುತ್ತಿದ್ದವಳು ತಾಯಿ. ಅವಳು ಒಮ್ಮೆ ಹೇಳಿದಳು: “ಬೆರಳು ಮಡಚಿಕೊಂಡಾವ್ರಿ. ಒಂದ ನಾಕ ದಿನ ಬರಿಗಾಲಾಗ ಬಿಡೂಣೇನು?”

“ತಿಳದವರು ಇಷ್ಟು ಮಂದಿ ಹೇಳಾಕತ್ತಾರ. ನಿನಗೇನ ಗೊತ್ತಾಗತೈತಿ?” ಎಂದ ವ್ಯಾಪಾರಿ.

ಅವಳು ಮತ್ತೆ ಹೇಳಲಿಲ್ಲ. ಕೂಸನ್ನು ಎತ್ತಿ ಎತ್ತಿ ಅವಳ ಸೊಂಟ ಸೋತಿತ್ತು. ಹೇಳುವ ಬಾಯಿಯೂ ಸೋತಿತು.

ಕೂಸಿಗೆ ಎರಡು ವರ್ಷ ತುಂಬಿತು. ನಡೆಯಲಿಲ್ಲ. ಬೆಲ್ಲ ಕೊಳ್ಳಲು ಬಂದವರು, ಪಾಪ, ಹೆಳವ ಕೂಸಿನ ಅಪ್ಪ ಎಂದು ತಮ್ಮತಮ್ಮಲ್ಲೇ ಅಂದುಕೊಂಡರು. ವ್ಯಾಪಾರಿಯ ಕಿವಿಗೆ ಅದು ಬಿತ್ತು. ಆ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಹದಿನಾರು ವರ್ಷ ಕಾದು ಪಡೆದದ್ದು ಇದಕ್ಕೇನು ಎಂದು ಅತ್ತ.

ಪಕ್ಕದ ಊರಿನಲ್ಲಿ ಜೋಡು ಹೊಲಿಯುವ ಒಬ್ಬ ಮುದುಕ ಇದ್ದ. ಅವನು ಹೊಲಿದ ಜೋಡಿನಲ್ಲಿ ಮಕ್ಕಳು ಓಡುತ್ತವೆ ಎಂಬ ಮಾತಿತ್ತು. ವ್ಯಾಪಾರಿ ಕೂಸನ್ನು ಹೆಗಲ ಮೇಲೆ ಹೊತ್ತು ಅಲ್ಲಿಗೆ ಹೋದ. ಒಳ್ಳೆಯ ಜೋಡು ಸಿಕ್ಕರೆ ಕೂಸು ಎದ್ದೀತು ಎಂಬ ಆಸೆ ಅವನಿಗೆ.

ಆ ಮುದುಕನಿಗೆ ಈ ಕೆಲಸ ಸಾಕಾಗಿತ್ತು. ನಲವತ್ತು ವರ್ಷದಿಂದ ಅಪ್ಪಂದಿರು ಬರುತ್ತಿದ್ದರು. ಒಬ್ಬ ದಾರದಲ್ಲಿ ಅಳತೆ ತರುತ್ತಿದ್ದ, ಒಬ್ಬ ಕಡ್ಡಿಯಲ್ಲಿ ತರುತ್ತಿದ್ದ. ಮಗುವಿನ ಪಾದ ಹೇಗಿದೆ ಎಂದರೆ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಅವನು ಒಂದು ನಿಯಮ ಮಾಡಿಕೊಂಡಿದ್ದ. ಮೊದಲ ಜೋಡು ಕೇಳಿ ಬಂದವರಿಗೆ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕದೆ ಉಳಿ ಮುಟ್ಟುತ್ತಿರಲಿಲ್ಲ.

ಅವನು ತಲೆ ಎತ್ತದೆಯೇ ಕೇಳಿದ: “ಕೂಸು ಹೊಸ್ತಿಲ ದಾಟೂವಾಗ ಯಾವ ಕಾಲು ಮುಂದ ಇಡತೈತ್ರಿ?”

“ಬಲಗಾಲು,” ಎಂದ ವ್ಯಾಪಾರಿ.

“ಎಲ್ಲಾರೂ ಬಲಗಾಲ ಅಂತಾರ. ಅದು ಸೊಸಿ ಮನಿ ತುಂಬೂವಾಗಿನ ಶಾಸ್ತ್ರ. ಕೂಸಿಗೆ ಅದನ್ನ ಯಾರು ಹೇಳ್ಯಾರ? ನೋಡಿ ಬರ್ರಿ.”

“ಅದು ನಡಿಯೂದೇ ಇಲ್ಲೋ ಮಾರಾಯಾ!”

“ನಡದಾಗ ನೋಡ್ರಿ. ಅಲ್ಲೀತನಕ ಕುಂತು ಕಾಯ್ರಿ.”

ಹೀಗೆ ಹೇಳಿ ಮುದುಕ ಕರಿದಾರ ಕತ್ತರಿಸಿದ. ಕೂಸಿನ ಜೋಡು ಬಿಚ್ಚಿದ. ಬೆರಳು ಹಾಕಿ ಒಳಗಿನಿಂದ ಬಟ್ಟೆಯ ಉಂಡೆಯನ್ನು ಎಳೆದ. ಒಂದು ವರ್ಷದ ಎಣ್ಣೆ ಕುಡಿದು ಅದು ಕಲ್ಲಾಗಿತ್ತು. ಆಗ ಎರಡು ಬೆರಳು ದೊಡ್ಡದಾಗಿದ್ದ ಜೋಡು ಈಗ ಕಾಲಿಗೆ ಸರಿಯಾಗಿತ್ತು. ಉಂಡೆ ಮಾತ್ರ ಇದ್ದಲ್ಲೇ ಇತ್ತು. ಮುದುಕ ಅದನ್ನು ವ್ಯಾಪಾರಿಯ ಅಂಗೈಯಲ್ಲಿಟ್ಟ. ಜೋಡುಗಳನ್ನು ತನ್ನ ಬಳಿಯೇ ಇಟ್ಟುಕೊಂಡ. ಮತ್ತೆ ತನ್ನ ಹೊಲಿಗೆಗೆ ತಿರುಗಿದ.

ವ್ಯಾಪಾರಿಗೆ ಪೇಟೆಯವನು ಹೇಳಿ ಕಳಿಸಿದ ಮಾತು ಆಗ ನೆನಪಾಯಿತು. ದಾರಿಯುದ್ದಕ್ಕೂ ಕೂಸಿನ ಬರಿಗಾಲು ಅವನ ಎದೆಗೆ ಬಡಿಯುತ್ತಿತ್ತು. ತಲೆ ತಗ್ಗಿಸಿ ನೋಡಿದ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಉಳಿದ ಬೆರಳುಗಳು ನೆನೆದ ಕಡಲೆಯಂತೆ ಬೆಳ್ಳಗೆ ಸುಕ್ಕಾಗಿ ಒಳಕ್ಕೆ ಮಡಚಿಕೊಂಡಿದ್ದವು. ಅವನಿಗೆ ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಯ ಮುಖ ನೋಡಲಾಗದೆ ಉಂಡೆಯನ್ನು ಅವಳ ಮುಂದಿಟ್ಟ. ಅವಳು ಅದನ್ನು ಒಲೆಗೆ ಹಾಕಿದಳು.

ಮರುದಿನದಿಂದ ವ್ಯಾಪಾರಿ ಪಡಸಾಲೆಯಲ್ಲಿ ಕುಳಿತ. ಕುಳಿತುಕೊಳ್ಳುವುದು ಸುಲಭವಲ್ಲ, ಮುರಿಗೆಪ್ಪಾ. ಓಡಾಡಿದವನಿಗೆ ಕುಳಿತಲ್ಲೇ ಮೈ ನೋಯುತ್ತದೆ. ಮೊದಲ ದಿನ ಅಂಗಡಿಯ ಚಿಂತೆ ಮಾಡಿದ. ಎರಡನೆಯ ದಿನ ತೂಕಡಿಸಿದ. ಮೂರನೆಯ ದಿನ ಮುದುಕನನ್ನು ಬೈದ. ನಾಲ್ಕನೆಯ ದಿನಕ್ಕೆ ಬೈಯಲೂ ಬೇಸರವಾಗಿ ಕೂಸನ್ನು ನೋಡತೊಡಗಿದ. ಅದು ಅಂಬೆಗಾಲಿಟ್ಟು ಹೊಸ್ತಿಲವರೆಗೆ ಬರುತ್ತಿತ್ತು, ಹೊಸ್ತಿಲನ್ನು ಮುಟ್ಟಿ ನೋಡುತ್ತಿತ್ತು, ತಾನು ಬಿದ್ದ ಜಾಗ ನೆನಪಿದ್ದಂತೆ ಹಿಂದೆ ಸರಿಯುತ್ತಿತ್ತು. ಆಗ ಮನೆಯಲ್ಲಿ ಯಾರಾದರೂ ಬಂದು ಎತ್ತಿ ಆಚೆಗೆ ಇಡುತ್ತಿದ್ದರು. ಎರಡು ವರ್ಷವಾದರೂ ಆ ಕೂಸು ತಾನಾಗಿ ಹೊಸ್ತಿಲು ದಾಟಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವನು ಹುಡುಕಿದ್ದೂ ಹಾಗೆಯೇ.

ಒಂಬತ್ತನೆಯ ದಿನ ಕೂಸು ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಿತು. ಅದರ ಮಂಡಿ ನಡುಗುತ್ತಿತ್ತು. ವ್ಯಾಪಾರಿ ಎತ್ತಿಕೊಳ್ಳಲು ಎದ್ದ. ಹೆಂಡತಿ ಹಿಂದಿನಿಂದ ಅವನ ಧೋತರ ಹಿಡಿದಳು.

“ಕುಂದರ್ರಿ,” ಎಂದಳು.

ಅವನು ಕುಳಿತ.

ಕೂಸು ಎಡಗಾಲು ಎತ್ತಿತು. ಇಟ್ಟಿತು. ದಾಟಿತು.

ಗಂಡ ಹೆಂಡತಿ ಇಬ್ಬರೂ ಅತ್ತರು. ಅಂದೇ ಓಡಿಹೋಗಿ ಮುದುಕನಿಗೆ ಉತ್ತರ ಹೇಳಬಹುದಿತ್ತು. ಹಳೆಯ ವ್ಯಾಪಾರಿಯಾಗಿದ್ದರೆ ಹೇಳುತ್ತಿದ್ದ. ಈಗ ಅವನಿಗೆ ನೋಡುವುದೇ ಕೆಲಸವಾಗಿತ್ತು. ಕೂಸು ಸಾರಿಸಿದ ಅಂಗಳದಲ್ಲಿ ನಡೆಯಿತು, ಬಿತ್ತು, ಎದ್ದಿತು. ಮಡಚಿದ ಬೆರಳುಗಳು ದಿನದಿನಕ್ಕೆ ಬಿಡಿಸಿಕೊಂಡು ನೆಲವನ್ನು ಹಿಡಿಯತೊಡಗಿದವು. ಅಂಗಳಕ್ಕೆ ಜೋಡು ಬೇಡ ಎಂಬುದು ಅವನಿಗೆ ಯಾರೂ ಹೇಳದೆಯೇ ತಿಳಿಯಿತು.

ಅಂಗಳದ ಆಚೆ ಗರಸುಕಲ್ಲು, ನೆಗ್ಗಿನಮುಳ್ಳು. ಅಲ್ಲಿಂದ ಮುಂದೆ ದಾರಿ. ಕೂಸು ಒಂದು ದಿನ ಆ ಅಂಚಿಗೆ ಬಂದು ಒಂದು ಕಾಲು ಇಟ್ಟು, ಮುಖ ಕಿವುಚಿ ಹಿಂದೆ ಬಂತು. ಮರುದಿನವೂ ಹಾಗೆಯೇ. ಒಂದು ತಿಂಗಳು ಕಳೆಯಿತು. ಒಂದು ಮುಂಜಾನೆ ದಾರಿಯಲ್ಲಿ ಆಡಿನ ಮರಿಯೊಂದು ಹೋಯಿತು. ಕೂಸು ಮುಳ್ಳಿನ ಮೇಲೆಯೇ ಕಾಲಿಟ್ಟು ಅದರ ಹಿಂದೆ ನಡೆಯಿತು. ಅಳುತ್ತಿತ್ತು. ಆದರೂ ತಿರುಗಲಿಲ್ಲ.

ವ್ಯಾಪಾರಿ ಅದನ್ನು ಎತ್ತಿಕೊಂಡು, ಪಾದದ ಮುಳ್ಳು ತೆಗೆದು, ನೇರ ಮುದುಕನ ಬಳಿಗೆ ಹೋದ.

“ಎಡಗಾಲು,” ಎಂದ. “ಹೊಸ್ತಿಲಾಗೂ ಎಡಗಾಲು, ಮುಳ್ಳಾಗೂ ಎಡಗಾಲು.”

ಮುದುಕ ಆಗ ತಲೆ ಎತ್ತಿದ. ಕೂಸಿನ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡಿದ. ಅದನ್ನು ತೊಗಲಿನ ಮೇಲೆ ಊರಿಸಿ ಸುತ್ತ ಗೀಟು ಎಳೆದ. ಬೆರಳು ಆಡುವಷ್ಟು ಜಾಗ ಬಿಟ್ಟ. ಒಳಗೆ ಏನೂ ತುರುಕಲಿಲ್ಲ.

ವ್ಯಾಪಾರಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ. “ದಾರಿಗೆ ಬಿದ್ದಾಗ ಜೋಡು ಹಾಕು ಅಂತ ಅವತ್ತ ಹೇಳಬಹುದಿತ್ತಲ್ಲ. ಯಾಕ ಹೇಳಲಿಲ್ಲ?”

“ಹೇಳಿದ್ರ ಅದೂ ಒಂದು ಮಂದಿ ಮಾತ ಆಗ್ತಿತ್ತು,” ಎಂದ ಮುದುಕ. “ಅವು ನಿಮ್ಮ ಹತ್ರ ಭಾಳ ಇದ್ವು.”

ಅಜ್ಜನವರು ಕತೆ ನಿಲ್ಲಿಸಿದರು. ಇಷ್ಟು ಮಾತಾಡಿದ್ದಕ್ಕೇ ಅವರಿಗೆ ಏದುಸಿರು ಹತ್ತಿತ್ತು.

ಮುರಿಗೆಪ್ಪನ ಕಣ್ಣು ಒದ್ದೆಯಾಗಿತ್ತು. ಕತೆ ಅವನ ಮನಸ್ಸಿಗೆ ನಾಟಿತ್ತು. ಆದರೂ ರೂಢಿ ಬಿಡಲಿಲ್ಲ. ಕೈಮುಗಿದು ಕೇಳಿದ:

“ಹಂಗಾರ ನನ್ನ ಮಗಳಿಗೆ ಯಾವಾಗ ಹಾಕ್ಲಿರಿ, ಅಜ್ಜಾರ?”

ಅಜ್ಜನವರು ಕಣ್ಣು ಮುಚ್ಚಿ ತೆರೆದರು. ವಸ್ತ್ರದ ಮೇಲಿದ್ದ ಪುಟ್ಟ ಜೋಡುಗಳಲ್ಲಿ ಒಂದನ್ನು ತೆಗೆದುಕೊಂಡರು. ಒಳಗೆ ಬೆರಳು ಹಾಕಿದರು. ಬಟ್ಟೆಯ ಉಂಡೆಯೊಂದು ಹೊರಗೆ ಬಂತು. ಅದನ್ನು ಮುರಿಗೆಪ್ಪನ ಮುಂದಿಟ್ಟು, ಏಳಲು ಗೋಡೆಗೆ ಕೈ ಕೊಟ್ಟರು.

ಮುರಿಗೆಪ್ಪ ತಲೆ ತಗ್ಗಿಸಿಕೊಂಡೇ ಹಾವುಗೆಗಳನ್ನು ಸರಿಪಡಿಸಿದ. ಕೈ ತನ್ನಷ್ಟಕ್ಕೆ ಎಡಗಾಲಿನದನ್ನು ಅರ್ಧ ಗೇಣು ಮುಂದೆ ಸರಿಸಿತು. ಅಜ್ಜನವರು ಅದರ ಮೇಲೆ ಕಾಲಿಡದೆ ನಿಂತರು.

“ನಾ ಯಾವ ಕಾಲು ಮುಂದ ಇಡ್ತೀನಂತ ನಿನಗ ಗೊತ್ತೈತಿ ಮುರಿಗೆಪ್ಪಾ, ನಿನ್ನ ಮಗಳು ಯಾವ ಕಾಲು ಇಡ್ತಾಳ?”

ಬಲಗಾಲು ಎನ್ನಲು ಮುರಿಗೆಪ್ಪ ಬಾಯಿ ತೆರೆದ. ಹಾಗೆಯೇ ಮುಚ್ಚಿಕೊಂಡ.