ಹೋದ ವರ್ಷದ ಪಂಚಾಂಗ

ನದಿಯ ದಂಡೆಯ ಆಶ್ರಮವೊಂದರಲ್ಲಿ ಇಂದುಧರ ಎಂಬ ಶಿಷ್ಯನಿದ್ದ. ಅಲ್ಲಿ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ. ಬಲ್ಲವನು ಎಂದರೆ, ಉಳಿದವರಿಗಿಂತ ಒಂಚೂರು ಹೆಚ್ಚು.

ಆಶ್ರಮದ ಡಾಕ್ಟರು ಇಂದು ಇಲ್ಲಿದ್ದರೆ ನಾಳೆ ಇನ್ನೊಂದು ಊರಲ್ಲಿ. ಆಚೆ ದಂಡೆಯ ರೋಗಿಗಳು ದೋಣಿ ಹತ್ತಿ ಬಂದು, ಅವರಿಲ್ಲವೆಂದು ತಿಳಿದು, ಬಂದ ದಾರಿಯಲ್ಲೇ ಮರಳುತ್ತಿದ್ದರು. ಡಾಕ್ಟರು ಯಾವ ದಿನ ಇರುತ್ತಾರೆ ಎಂಬುದನ್ನು ಜನ ಮನೆಯಲ್ಲೇ ಫೋನಿನಲ್ಲಿ ನೋಡುವಂತೆ ಒಂದು ವೆಬ್‌ಸೈಟ್ ಕಟ್ಟಿಕೊಡುತ್ತೇನೆಂದು ಇಂದುಧರ ಮಾತು ಕೊಟ್ಟಿದ್ದ.

ಅದಕ್ಕೊಂದು ಫ್ರೇಮ್‌ವರ್ಕ್ ಕಲಿಯಬೇಕಿತ್ತು. ಮನೆ ಕಟ್ಟುವವರಿಗೆ ಕಂಬ, ತೊಲೆ ಸಿದ್ಧವಾಗಿ ಸಿಕ್ಕ ಹಾಗೆ, ವೆಬ್‌ಸೈಟ್ ಕಟ್ಟುವವರಿಗೆ ಅದು. ಅದನ್ನು ಕಲಿಯಲು ಪುಸ್ತಕ ಬೇಕಿತ್ತು. ಅಲ್ಲೇ ಗಾಡಿ ನಿಂತುಬಿಟ್ಟಿತು.

ಒಂದು ಮುಂಜಾನೆ ಅವನು ಮೂರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗುರುಗಳ ಮುಂದೆ ಬಂದು ಕೂತ.

“ಅಜ್ಜಾರ, ತಲಿ ಕೆಟ್ಟು ಹೋಗೇತ್ರಿ. ಇದರಾಗ ಯಾವುದು ಚಲೋ ಅಂತ ತಿಳೀವಲ್ದು.”

“ಯಾವುದರ ಓದೀಯೇನು?”

“ಈ ದಪ್ಪಂದು ಓದೀನ್ರಿ. ದೊಡ್ಡ ಪಂಡಿತರು ಬರದದ್ದು. ದಿನಾ ಕೈಕಾಲು ತೊಳಕೊಂಡು, ದೀಪಾ ಹಚ್ಚಿ, ಮೊದಲನೇ ಪುಟದಿಂದ ಕಡೀತನಕ ಪಾರಾಯಣ ಮಾಡೀನಿ.”

“ಮತ್ತ?”

“ಅದರಾಗ ಹೇಳಿದಂಗ ಮಾಡಿದ್ರ ಕಂಪ್ಯೂಟರು ಒಪ್ಪವಲ್ದು. ಬರೇ ತಪ್ಪು ತಪ್ಪು ಅಂತೈತಿ. ನನ್ನ ಭಕ್ತಿನ ಕಡಿಮಿ ಆತೋ ಏನೋ.”

ಗುರುಗಳು ಗೋಡೆಯ ಗೂಡಿನಿಂದ ಒಂದು ಪಂಚಾಂಗ ತೆಗೆದು ಅವನ ಕೈಗಿಟ್ಟರು.

“ಬರೂ ಅಮಾಸಿ ಯಾವತ್ತು, ನೋಡಿ ಹೇಳು.”

ಇಂದುಧರ ತೆರೆದು ನೋಡಿದ. “ಅಜ್ಜಾರ, ಇದು ಹೋದ ವರ್ಷದ್ದು.”

“ಕಾಗದ ಚಲೋ ಐತಿ. ಬರದವರೂ ದೊಡ್ಡ ಪಂಡಿತರು.”

“ಆದ್ರೂ ಹೋದ ವರ್ಷದ್ದರೀ.”

“ದೀಪಾ ಹಚ್ಚಿ ಓದು. ಅಮಾಸಿ ಬದಲಾದೀತು.”

ಇಂದುಧರನ ಮುಖ ಸಣ್ಣದಾಯಿತು. ಫ್ರೇಮ್‌ವರ್ಕೂ ಆಗಾಗ ಬದಲಾಗುತ್ತದೆ. ಪುಸ್ತಕ ಯಾವ ಆವೃತ್ತಿಗೆ ಬರೆದದ್ದು ಎಂದು ಅವನು ನೋಡಿಯೇ ಇರಲಿಲ್ಲ. ದಪ್ಪ ಪುಸ್ತಕವನ್ನು ಪಕ್ಕಕ್ಕಿಟ್ಟ.

“ಹಂಗಾರ ಇವೆರಡೂ ಹೊಸಾವು. ಇದರಾಗ ಯಾವುದ್ರಿ?”

ಗುರುಗಳು ಈ ವರ್ಷದ ಪಂಚಾಂಗ ಕೊಟ್ಟರು. “ಮೊದಲಿಂದ ಓದು. ಕೇಳ್ತೀನಿ.”

“ಪಂಚಾಂಗಾನ ಮೊದಲಿಂದ ಯಾರು ಓದ್ತಾರ್ರಿ? ಯುಗಾದಿ ದಿನ ಫಲ ಓದೂದು ಬಿಟ್ರ, ಮದುವಿ ಇದ್ದಾಗ ತಗದು ನೋಡ್ತಾರ, ಬಿತ್ತೂದಿದ್ದಾಗ ನೋಡ್ತಾರ.”

“ನಿಂದೇನೈತಿ, ಮದುವ್ಯೋ ಬಿತ್ತೂದೋ?”

“ನಾ ಸನ್ಯಾಸಿ ಆಗಾಕ ಬಂದಾವ್ರಿ!”

ಇಂದುಧರ ತಲೆ ಕೆರೆದುಕೊಂಡ. ಬರುವಾಗ ಪುಸ್ತಕದ ಗೊಂದಲವೊಂದೇ ಇತ್ತು. ಈಗ ಗುರುಗಳ ಮಾತಿನದೂ ಸೇರಿಕೊಂಡಿತು.

ಅಷ್ಟರಲ್ಲಿ ದೋಣಿ ದಂಡೆಗೆ ಬಂತು. ಒಬ್ಬ ಮುದುಕಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದಳು.

“ತಮ್ಮಾ, ಡಾಕ್ಟರು ಅದಾರೇನು?”

“ಇಲ್ಲ ಯವ್ವಾ. ಇವತ್ತ ಬ್ಯಾರೆ ಊರಿಗೆ ಹೋಗ್ಯಾರ.”

“ಹೋದ ಸಲಾನೂ ಹಿಂಗ ಆತು.” ಅವಳು ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು. “ಇಲ್ಲಿ ಯಾರೋ ಫೋನಿನಾಗ ಬರೂ ಹಂಗ ಮಾಡಾಕ ಹತ್ಯಾರಂತಲ್ಲ, ಆತೇನಪಾ ಅದು?”

“ಇನ್ನೂ ಇಲ್ಲ ಯವ್ವಾ. ಯಾವ ಪುಸ್ತಕ ನೋಡಿ ಮಾಡೂದಂತ…” ಇಂದುಧರ ಪುಸ್ತಕಗಳನ್ನು ಬೆನ್ನ ಹಿಂದೆ ಸರಿಸಿದ.

“ನನಗ ಓದಾಕ ಬರೂದಿಲ್ಲ. ಮೊಮ್ಮಗಳು ಓದಿ ಹೇಳ್ತಾಳ. ‘ಇವತ್ತ ಇಲ್ಲ’ ಅಂತ ಅಷ್ಟ ಬಂದಿದ್ರ ಸಾಕಿತ್ತು ತಮ್ಮಾ.”

ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಅವಳು ಅದೇ ದೋಣಿಗೆ ಇಳಿದುಹೋದಳು. ಇಂದುಧರನಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು. ಆದರೂ ಗೊಂದಲ ಬಿಟ್ಟಿರಲಿಲ್ಲ.

“ಅಜ್ಜಾರ, ಈಗರ ಹೇಳ್ರಿ. ಎರಡರಾಗ ಯಾವುದು ಇಟಗೊಳ್ಳಲಿ?”

“ಆಕಿ ಕೇಳಿದ್ದನ್ನ, ‘ಇವತ್ತ ಇಲ್ಲ’ ಅಂತ ಫೋನಿನಾಗ ಹೆಂಗ ತೋರಸೂದಂತ, ಎರಡೂ ಪುಸ್ತಕಕ್ಕ ಕೇಳು. ಯಾವುದು ನಿನಗ ತಿಳಿಯೂ ಹಂಗ ಹೇಳ್ತೈತೋ, ಅದನ್ನ ಇಟಗೋ.”

“ಎರಡೂ ಹೇಳದಿದ್ರ?”

“ದಿನಾ ಮುಂಜಾನೆ ಆ ದಂಡಿಗೆ ಹೋಗಿ, ಡಾಕ್ಟರು ಅದಾರೋ ಇಲ್ಲೋ ಅಂತ ನೀನ ಹೇಳಿ ಬಾ.”