ಎಲ್ಲಕ್ಕಿಂತ ಭಾರದ ಕಲ್ಲು

"ಕೇಳ್ರಪ್ಪೋ ಕೇಳ್ರಿ! ಮುದುಕ ನ್ಯಾಯಾಧಿಪತಿ ತೀರಿಕೊಂಡು ಹೆಬ್ಬಾಗಿಲ ಪೀಠ ಖಾಲಿ ಬಿದ್ದಿದೆ. ಹಾರೀಫ ದೊರೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಆ ಪೀಠ. ಅವನ ಮಾತೇ ತೀರ್ಪು. ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳಿದಾಗ ಶಲ್ಲೂಮ ಹೆಬ್ಬಾಗಿಲ ನೆರಳಲ್ಲಿ ಕೂತು, ಸವೆದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹೊಡೆಯುತ್ತಿದ್ದ. ಅದೇ ಅವನ ಹೊಟ್ಟೆಪಾಡು. ಯೆಹೂದ್ಯರ ಆ ಗುಡ್ಡದೂರಿನಲ್ಲಿ ನ್ಯಾಯ ನಡೆಯುತ್ತಿದ್ದುದೂ ಅಲ್ಲೇ. ಹನ್ನೆರಡು ವರ್ಷ ಕೈ ಕಲ್ಲಿನ ಮೇಲೆ, ಕಿವಿ ಪೀಠದ ಕಡೆ. ಮೋಶೆಯ ಧರ್ಮಶಾಸ್ತ್ರವನ್ನು ಕೇಳಿ ಕೇಳಿಯೇ ಕಲಿತಿದ್ದ.

'ಇದರಲ್ಲೇನೋ ಮಸಲತ್ತಿದೆ' ಅಂದುಕೊಂಡ. ನ್ಯಾಯಾಧಿಪತಿ ಬೇಕಾದರೆ ಹಿರಿಯರನ್ನು ಕರೆಸಲಿ, ಒಗಟು ಯಾಕೆ? ಆದರೆ ಸುಮ್ಮನಿರುವ ಹಾಗೂ ಇರಲಿಲ್ಲ. ಅವನ ಅಕ್ಕ ಹುಲ್ದಾ ಆ ಮುದುಕನ ಮನೆಯ ಅಡಿಗೆಯವಳು. ಮುದುಕ ಗಂಜಿ ಕುಡಿಯುತ್ತಲೇ ಒರಗಿಬಿಟ್ಟಿದ್ದ. ಎಂಬತ್ತೆಂಟರ ಜೀವ, ಎಣ್ಣೆ ತೀರಿದ ದೀಪ. ಅಷ್ಟಕ್ಕೆ ನೆರೆಮನೆಯ ಗೇರ ತನ್ನ ಭಾವಮೈದುನ ಪೆಲೆಟನನ್ನು ಎಳೆತಂದು, "ಇವಳು ಗಂಜಿಗೆ ವಿಷ ಹಾಕಿದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡೆವು" ಅಂದುಬಿಟ್ಟ. ಧರ್ಮಶಾಸ್ತ್ರಕ್ಕೆ ಎರಡು ಬಾಯಿಯ ಸಾಕ್ಷಿ ಸಾಕು, ಮುಗಿಯಿತಲ್ಲ! ಈ ಸಂಜೆ ಅವಳನ್ನು ಕಲ್ಲೆಸೆದು ಕೊಲ್ಲಬೇಕೆಂದು ಹಿರಿಯರು ಹೇಳಿಯಾಗಿತ್ತು. ಅಕ್ಕ ತಮ್ಮಂದಿರ ಅಂಜೂರದ ತೋಟದ ಗಡಿಕಲ್ಲನ್ನು ಗೇರ ಹತ್ತು ಹೆಜ್ಜೆ ಒಳಕ್ಕೆ ಸರಿಸಿದ್ದ, ಹುಲ್ದಾ ದೂರು ಕೊಡಲಿದ್ದಳು. ಇದು ಊರಿಗೆಲ್ಲ ಗೊತ್ತು. ಬಾಯಿ ಬಿಟ್ಟವರು ಮಾತ್ರ ಒಬ್ಬರೂ ಇಲ್ಲ.

ಪೀಠ ಸಿಕ್ಕರೆ ಅಕ್ಕನ ತೀರ್ಪು ತನ್ನ ಕೈಗೆ ಬರುತ್ತದೆ. ಶಲ್ಲೂಮ ಉಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದ.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು, ಒಬ್ಬ ಲಿಪಿಕಾರ, ಒಬ್ಬ ದಂಡನಾಯಕ. ಖಾಲಿ ಪೀಠದ ಮೇಲೆ ತಾನೇ ಕೂತಿದ್ದ ದೊರೆ ಕಣ್ಣು ಕಿರಿದು ಮಾಡಿ ಕೇಳಿದ. "ಕಂಡದ್ದು ನಿಜ, ಹೇಳಿದ್ದೂ ನಿಜ. ಆದರೂ ಈ ಹೆಬ್ಬಾಗಿಲಲ್ಲಿ ಅದು ಕುರುಡು. ಏನದು?"

"ಕನಸು, ಪ್ರಭುಗಳೇ," ಅಂದ ಲಿಪಿಕಾರ. ಭಟರು ಅವನ ರಟ್ಟೆ ಹಿಡಿದರು.

"ಗೂಬೆ!" ಅಂದ ದಂಡನಾಯಕ. "ಹಗಲು ಕುರುಡು."

"ಗೂಬೆ ಯಾವತ್ತಯ್ಯ ಬಂದು ಹೇಳಿತು?" ಅಂದ ದೊರೆ. ಅವನನ್ನೂ ಎಳೆದುಕೊಂಡು ಹೋದರು.

ಶಲ್ಲೂಮನ ಬಾಯಿ ಒಣಗಿತ್ತು. ಆಳೊಬ್ಬ ನೀರು ಕೊಟ್ಟ. ಇದರಲ್ಲಿ ಏನು ಬೆರೆಸಿದ್ದಾರೋ ಎಂದು ಮುಟ್ಟಲಿಲ್ಲ. "ಒಂಟಿ ಸಾಕ್ಷಿ, ದೊರೆಗಳೇ. ಒಬ್ಬನೇ ಕಂಡದ್ದು ನಿಜವೇ ಆದರೂ ಅದರ ಮೇಲೆ ಯಾರನ್ನೂ ಶಿಕ್ಷಿಸುವ ಹಾಗಿಲ್ಲ."

ದೊರೆ ಮೆಚ್ಚಲೂ ಇಲ್ಲ, ನಗಲೂ ಇಲ್ಲ. "ಇನ್ನೊಬ್ಬನ ಅಳತೆಗೆ ಹೊಲಿದ ಅಂಗಿ, ಹೊಲಿದವನ ಮೈಗೇ ಸರಿಯಾಗಿ ಕೂರುತ್ತದೆ. ಯಾವುದು?"

"ಸುಳ್ಳುಸಾಕ್ಷಿಯ ಶಿಕ್ಷೆ. ಅವನು ಇನ್ನೊಬ್ಬನಿಗೆ ಏನು ಮಾಡಿಸಬೇಕೆಂದಿದ್ದನೋ ಅದನ್ನೇ ಅವನಿಗೆ ಮಾಡಬೇಕು."

ಆಗ ದೊರೆಯ ಕಣ್ಣು ಒಂದು ಗಳಿಗೆ ಜನರ ನಡುವೆ ನಿಂತಿದ್ದ ಗೇರನ ಮೇಲೆ ಹೋಗಿಬಂತು. ಅರೆ, ಇವನಿಗೂ ಅನುಮಾನ! ಎರಡು ಬಾಯಿಯ ಮುಂದೆ ದೊರೆಯ ಕೈಯೂ ಕಟ್ಟಿತ್ತು. ಗಂಟು ಬಿಚ್ಚುವವನನ್ನು ಹುಡುಕುತ್ತಿದ್ದಾನೆ. ಅಥವಾ ತನ್ನನ್ನೇ ಸಿಕ್ಕಿಸುತ್ತಿದ್ದಾನೋ?

"ನೀನು ಕಲ್ಲಿನ ಕೆಲಸದವನು. ಎಲ್ಲಕ್ಕಿಂತ ಭಾರದ ಕಲ್ಲು ಯಾವುದು, ಹೇಳು."

ಬಾಗಿಲ ಮೇಲಿನ ಅಡ್ಡಗಲ್ಲು ನಾಲಿಗೆ ತುದಿಗೆ ಬಂತು. ಶಲ್ಲೂಮ ನುಂಗಿಕೊಂಡ. 'ಕಲ್ಲಿನವನಿಗೆ ಕಲ್ಲನ್ನೇ ಕೇಳುತ್ತಾನೆಂದರೆ ಇದು ತೂಕದ ಮಾತಲ್ಲ.' ಮುದುಕ ನ್ಯಾಯಾಧಿಪತಿ ಗೊಣಗುತ್ತಿದ್ದುದು ನೆನಪಾಯಿತು. ಈ ಊರಿನವರು ಮೈಗಳ್ಳರು, ಸಾಕ್ಷಿ ಹೇಳಿ ಮನೆಗೆ ಹೋಗುತ್ತಾರೆ, ಕಲ್ಲು ಎಸೆಯಲು ಭಟರು ಬೇಕು, ಧರ್ಮಶಾಸ್ತ್ರ ಹಾಗೆ ಹೇಳಿಲ್ಲ ಅಂತ.

"ಸಾಕ್ಷಿ ಹೇಳಿದವನು ತನ್ನ ಕೈಯಾರೆ ಎಸೆಯಬೇಕಾದ ಮೊದಲ ಕಲ್ಲು."

ದೊರೆ ಪೀಠ ಬಿಟ್ಟು ಎದ್ದ. "ಕೂತುಕೋ."

ಶಲ್ಲೂಮ ಕೂತ. ಹುಲ್ದಾಳನ್ನು ತಂದು ನಿಲ್ಲಿಸಿದರು. ಅವಳ ಮುಖ ನೋಡಿದರೆ ಅತ್ತುಬಿಡುತ್ತೇನೆಂದು ಅವನು ಆ ಕಡೆ ತಿರುಗಲಿಲ್ಲ. "ಇವತ್ತು ಭಟರು ಎಸೆಯುವುದಿಲ್ಲ. ಕಂಡವರೇ ಎಸೆಯಲಿ. ಪೆಲೆಟ, ಮೊದಲು ನೀನು."

ಪೆಲೆಟ ಕಲ್ಲು ಎತ್ತಿಕೊಂಡ. ಹುಲ್ದಾ ಅವನನ್ನೇ ನೋಡುತ್ತಿದ್ದಳು. ಎತ್ತಿದ ಕಲ್ಲು ಜಾರಿ ಅವನ ಕಾಲ ಮೇಲೇ ಬಿತ್ತು. "ಅಯ್ಯೋ, ನಾನೇನೂ ನೋಡಲಿಲ್ಲ! ಭಾವ ಹೇಳಿಸಿದ, ನಾನು ಹೇಳಿದೆ!"

"ಉಳಿದದ್ದು ಗೇರನ ಒಂಟಿ ಸಾಕ್ಷಿ," ಅಂದ ಶಲ್ಲೂಮ. "ಹುಲ್ದಾಳನ್ನು ಬಿಡಿ."

ಜನ ಹೋ ಎಂದು ಕಲ್ಲು ಎತ್ತಿಕೊಂಡು ಗೇರನ ಕಡೆ ತಿರುಗಿದರು. "ಅಂಗಿ ತೊಡಿಸಪ್ಪ ಅವನಿಗೆ!" ಅಂದ ದೊರೆ.

ಶಲ್ಲೂಮನ ಕೈಯೂ ತುರಿಸುತ್ತಿತ್ತು, ಸುಳ್ಳು ಯಾಕೆ? ಕಣ್ಣು ಮುಚ್ಚಿ ತೆಗೆದ. "ಗೇರ ಹೇಳಿಸಿದ ಎನ್ನುವುದು ಪೆಲೆಟ ಒಬ್ಬನ ಬಾಯಿ. ಪೆಲೆಟ ತನ್ನ ಮೇಲೆ ಹೇಳಿಕೊಂಡದ್ದೂ ಒಂದೇ ಬಾಯಿ. ಇಬ್ಬರನ್ನೂ ಕೊಲ್ಲುವ ಹಾಗಿಲ್ಲ. ಲಿಪಿಕಾರ, ದಂಡನಾಯಕರನ್ನೂ ಬಿಡಿ. ಊಹೆ ತಪ್ಪಿದ್ದಕ್ಕೆ ಸಾವು ಅಂತ ಯಾವ ಶಾಸ್ತ್ರದಲ್ಲಿದೆ, ದೊರೆಗಳೇ?"

ದೊರೆ ಗಡ್ಡ ಕೆರೆದುಕೊಂಡ. ಆಮೇಲೆ ಅವರನ್ನು ಬಿಡುವಂತೆ ಭಟರಿಗೆ ಕೈ ಬೀಸಿದ.

"ಇನ್ನೊಂದು. ಗಡಿಕಲ್ಲು ಸರಿಸಿದ್ದನ್ನು ಕಂಡವರು ಯಾರು?"

ಒಂದು ಕೈ ಮೇಲೆದ್ದಿತು. ಇನ್ನೊಂದು. ಆಮೇಲೆ ಹತ್ತು, ಇಪ್ಪತ್ತು. ಊರೆಲ್ಲ ನೋಡುತ್ತಿದ್ದಂತೆ ಗೇರ ಆ ಕಲ್ಲನ್ನು ಬೆನ್ನ ಮೇಲೆ ಹೊತ್ತು, ಏದುಸಿರು ಬಿಡುತ್ತ, ಇದ್ದ ಜಾಗದಲ್ಲಿ ನೆಟ್ಟು ಬಂದ.

"ಅವನನ್ನು ಬಿಡಲು ನಿನಗೆ ಮನಸ್ಸಾದರೂ ಹೇಗೆ ಬಂತೋ?" ಅಂದಳು ಹುಲ್ದಾ.

"ನಿನ್ನನ್ನು ಬಿಡಿಸಿದ್ದು ಅದೇ ಮಾತಲ್ಲವೇನಕ್ಕಾ?"

ಅವಳು ಮನೆಗೆ ಹೋಗಿ ಗಂಜಿ ಕಾಯಿಸಿ ತಂದು ಪೀಠದ ಮುಂದಿಟ್ಟಳು. ಜನ ಕತ್ತು ಉದ್ದ ಮಾಡಿ ನೋಡಿದರು. ದೊರೆಯ ನೀರನ್ನೂ ಮುಟ್ಟದಿದ್ದ ಶಲ್ಲೂಮ ಬಟ್ಟಲೆತ್ತಿ, ತಳದ ಅಗುಳೂ ಬಿಡದೆ ಕುಡಿದು, "ಇನ್ನೊಂದಿಷ್ಟು ಇದೆಯೇನಕ್ಕಾ?" ಅಂದ.